ನಾಯಿಗೆ ಕಜ್ಜಿ ಬಂದರೆ: ಯಾವ ನುಸಿ, ಯಾವ ಔಷಧಿ, ಎಷ್ಟು ದಿನ

'ಕಜ್ಜಿ ನಾಯಿ' ಅನ್ನೋದು ನಮ್ಮ ಕಡೆ ಬೈಗುಳ. ಬೈಯೋಕೆ ಆ ಒಂದು ಪದ ಸಾಕು, ಔಷಧಿ ಮಾಡೋಕೆ ಸಾಲದು. ಕಜ್ಜಿ ಅಂತ ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಬೇರೆ ಬೇರೆ ಕಾಯಿಲೆಗಳಿವೆ. ಒಂದು ನಾಯಿಯಿಂದ ನಾಯಿಗೆ ಹಬ್ಬುತ್ತದೆ, ಮನೆಯವರ ಮೈಗೂ ತುರಿಕೆ ಹತ್ತಿಸುತ್ತದೆ. ಇನ್ನೊಂದು ಪಕ್ಕದಲ್ಲೇ ಮಲಗಿದ ನಾಯಿಗೂ ಅಂಟುವುದಿಲ್ಲ. ಯಾವುದು ಅಂತ ತಿಳಿಯದೆ ಏನಾದ್ರೂ ಹಚ್ಚಿದರೆ ದುಡ್ಡೂ ಹೋಗುತ್ತದೆ, ಇದ್ದ ಕೂದಲೂ ಹೋಗುತ್ತದೆ.

ಇದನ್ನು ನನಗೆ ಕಲಿಸಿದ್ದು ಗುಂಡ. ದಾವಣಗೆರೆಯ ನಮ್ಮ ಬೀದಿಯಲ್ಲಿ ಮೆಕ್ಕೆಜೋಳ ಮುಚ್ಚಿದ್ದ ತಾಡಪಾಲಿನ ಕೆಳಗೆ ಸಿಕ್ಕ ಮರಿ. ಮೂರು ತಿಂಗಳು ಇರಬಹುದು. ಎಡಗಣ್ಣಿನ ಸುತ್ತ ಕೂದಲು ಉದುರಿ, ಕನ್ನಡಕದ ಒಂದೇ ಗಾಜು ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಹೇಳುವಷ್ಟು ಕೆರೆದುಕೊಳ್ಳುತ್ತಿರಲಿಲ್ಲ. ನಾನು ಮೆಡಿಕಲ್ ಶಾಪಿಗೆ ಹೋಗಿ "ಕಜ್ಜಿಗೆ ಏನಾದ್ರೂ ಕೊಡಿ ಅಣ್ಣಾ" ಅಂದೆ. ಯಾರಿಗೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನುಷ್ಯರ ಮುಲಾಮಿನ ಟ್ಯೂಬ್ ಬಂತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಮೂರು ವಾರ ಹಚ್ಚಿದ ಮೇಲೆ ಮುಖ, ಮುಂಗಾಲು ಬೋಳಾಗಿ ಕೀವು ಗುಳ್ಳೆ ಎದ್ದವು. ಪಕ್ಕದ ಮನೆ ಅಜ್ಜಿ ಕಾಂಪೌಂಡಿನಿಂದ ಇಣುಕಿ "ಏನ್ ಹಚ್ಚಿದಿ ತಮ್ಮಾ, ಚಲೋ ಇದ್ದ ಮರಿ ಹಿಂಗಾತಲ್ಲ" ಅಂದರು. ಆಗ ಆಸ್ಪತ್ರೆ ನೆನಪಾಯಿತು.

ನೀವು ಆ ಮೂರು ವಾರ ಕಳೆದುಕೊಳ್ಳಬೇಡಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನುಸಿಯ ಪರಿಚಯ

ಹೊಸದುರ್ಗ, ಹೊಳಲ್ಕೆರೆ ಕಡೆ ತೆಂಗಿನ ತೋಟ ಇರುವವರಿಗೆ ನುಸಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಕಾಯಿಯ ತೊಟ್ಟಿನ ಕೆಳಗೆ ಕೂತು ರಸ ಹೀರಿ ಕಾಯಿಯನ್ನೇ ಸೊರಗಿಸುವ, ಕಣ್ಣಿಗೆ ಕಾಣದ ಜೀವಿ. ನಾಯಿಯ ಕಜ್ಜಿಯೂ ನುಸಿಯದೇ ಕೆಲಸ, ಜಾತಿ ಮಾತ್ರ ಬೇರೆ. ಉಣ್ಣೆ, ಜೇಡಗಳಿಗೆ ಇವು ದೂರದ ನೆಂಟರು.

ನಾಯಿಯಲ್ಲಿ ಮುಖ್ಯವಾಗಿ ಎರಡು. ಮೊದಲನೆಯದು ಸಾರ್ಕಾಪ್ಟಿಸ್. ಇದರ ಹೆಣ್ಣು ನುಸಿ ಚರ್ಮದೊಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು, ಮರಿ ಬೆಳೆದು, ಮತ್ತೆ ಮೊಟ್ಟೆ ಇಡುವ ಹಂತಕ್ಕೆ ಬರಲು ಎರಡರಿಂದ ಮೂರು ವಾರ. ಈ ಲೆಕ್ಕ ನೆನಪಿರಲಿ, ಔಷಧಿ ಎಷ್ಟು ದಿನ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇದರ ತುರಿಕೆ ಭಯಂಕರ. ನಾಯಿ ಊಟ ಬಿಟ್ಟು ಕೆರೆಯುತ್ತದೆ, ರಾತ್ರಿಯೆಲ್ಲಾ ಕಾಲು ನೆಲಕ್ಕೆ ಬಡಿಯುವ ಟಪಟಪ ಸದ್ದು ಕೇಳುತ್ತದೆ.

ಎರಡನೆಯದು ಡೆಮೊಡೆಕ್ಸ್. ಇದು ಕೂದಲಿನ ಬುಡದ ಗುಂಡಿಯಲ್ಲಿ ಇರುತ್ತದೆ. ತಮಾಷೆ ಏನಂದ್ರೆ, ಆರೋಗ್ಯವಾಗಿರುವ ನಾಯಿಯ ಮೈಯಲ್ಲೂ ಇದು ನಾಲ್ಕಾರು ಇದ್ದೇ ಇರುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನದಲ್ಲಿ ಮರಿ ಹಾಲು ಕುಡಿಯುವಾಗ ತಾಯಿಯ ಮೈಯಿಂದ ಬರುತ್ತದೆ. ಮೈಯ ಶಕ್ತಿ ಗಟ್ಟಿಯಿದ್ದರೆ ನುಸಿ ಸುಮ್ನೆ ಇರುತ್ತದೆ. ಜಂತುಹುಳು, ಹೊಟ್ಟೆಗಿಲ್ಲದ ಬವಣೆ, ಬೇರೆ ಕಾಯಿಲೆ, ಇಲ್ಲಾ ನನ್ನಂಥವರು ಹಚ್ಚಿದ ಸ್ಟೀರಾಯ್ಡ್, ಇವುಗಳಿಂದ ಶಕ್ತಿ ಕುಗ್ಗಿದಾಗ ಅದು ಲೆಕ್ಕ ತಪ್ಪಿ ಹೆಚ್ಚುತ್ತದೆ. ಕೆಲವು ನಾಯಿಗಳಿಗೆ ಈ ದೌರ್ಬಲ್ಯ ವಂಶದಿಂದಲೇ ಬರುತ್ತದೆ. ಮರಿಗಳಲ್ಲಿ ಒಂದೆರಡು ಕಡೆ ಮಾತ್ರ ಬೋಳಾಗಿದ್ದರೆ ಬಹುತೇಕ ತಾನಾಗೇ ವಾಸಿಯಾಗುತ್ತದೆ. ಗುಂಡನದ್ದೂ ಬಹುಶಃ ಹಾಗೇ ಹೋಗುತ್ತಿತ್ತು, ನಾನು ಸುಮ್ಮನಿದ್ದಿದ್ದರೆ.

ದೊಡ್ಡ ನಾಯಿಗೆ, ಐದಾರು ವರ್ಷ ದಾಟಿದ ಮೇಲೆ, ಇದ್ದಕ್ಕಿದ್ದ ಹಾಗೆ ಡೆಮೊಡೆಕ್ಸ್ ಬಂದರೆ ಬೇರೆ ಮಾತು. ಥೈರಾಯ್ಡ್ ತೊಂದರೆಯೋ, ಗಡ್ಡೆಯೋ, ಒಳಗೆ ಏನೋ ಇದೆ ಅಂತ ಅನುಮಾನಪಡಬೇಕು. ಅಲ್ಲಿ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಮನೆಯಲ್ಲೇ ನೋಡುವುದು

ಬೆಳಗ್ಗೆ ಬಿಸಿಲಿಗೆ ಕರೆದುಕೊಂಡು ಬನ್ನಿ. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ, ಇನ್ನೊಬ್ಬರು ನೋಡಲಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಕಿವಿಯ ಅಂಚಿನಿಂದ ಶುರು ಮಾಡಿ. ಸಾರ್ಕಾಪ್ಟಿಸ್ ಕೂದಲು ಕಡಿಮೆ ಇರುವ ಜಾಗ ಹುಡುಕುತ್ತದೆ: ಕಿವಿಯಂಚು, ಮುಂಗಾಲಿನ ಮೊಣಗಂಟು, ಹಿಂಗಾಲಿನ ಹಿಮ್ಮಡಿ, ಹೊಟ್ಟೆ, ಎದೆಯ ಕೆಳಭಾಗ. ಅಲ್ಲಿ ಹಳದಿ ಮಿಶ್ರಿತ ಬೂದು ಹಕ್ಕಳೆ, ಕೆಂಪು ಗುಳ್ಳೆ ಇವೆಯಾ ನೋಡಿ. ಈಗ ಕಿವಿಯ ತುದಿಯನ್ನು ಮಡಿಸಿ, ಎರಡು ಬೆರಳ ನಡುವೆ ಐದಾರು ಸೆಕೆಂಡ್ ಮೆಲ್ಲಗೆ ಉಜ್ಜಿ. ನಾಯಿಯ ಅದೇ ಕಡೆಯ ಹಿಂಗಾಲು ತಾನಾಗೇ ಗಾಳಿಯಲ್ಲಿ ಕೆರೆಯೋಕೆ ಶುರು ಮಾಡಿದರೆ ಸಾರ್ಕಾಪ್ಟಿಸ್ ಅನುಮಾನ ಜಾಸ್ತಿ. ಡಾಕ್ಟರುಗಳೂ ಮಾಡುವ ಪರೀಕ್ಷೆ ಇದು. ಇದೊಂದರಿಂದಲೇ ತೀರ್ಮಾನ ಬೇಡ, ಆದರೆ ಡಾಕ್ಟರಿಗೆ ಹೇಳೋಕೆ ಒಳ್ಳೇ ಸುಳಿವು.

ಡೆಮೊಡೆಕ್ಸ್ ಹೆಚ್ಚಾಗಿ ಶುರುವಾಗುವುದು ಕಣ್ಣಿನ ಸುತ್ತ, ತುಟಿಯ ಬದಿ, ಮುಂಗಾಲು. ಕೂದಲು ಉದುರಿರುತ್ತದೆ, ಚರ್ಮ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಶುರುವಿನಲ್ಲಿ ತುರಿಕೆ ಕಡಿಮೆ. ಮೇಲೆ ಕೀವಿನ ಸೋಂಕು ಸೇರಿದ ಮೇಲೆ ತುರಿಕೆಯೂ ಬರುತ್ತದೆ, ವಾಸನೆಯೂ ಬರುತ್ತದೆ. ಆಗ ಎರಡನ್ನೂ ಕಣ್ಣಿನಲ್ಲಿ ಬೇರೆ ಮಾಡುವುದು ಕಷ್ಟ.

ಇನ್ನು ಕಜ್ಜಿ ಅಲ್ಲದ ಕಜ್ಜಿಗಳು. ಬಾಲದ ಬುಡ, ಸೊಂಟದ ಮೇಲೆ ಮಾತ್ರ ಕೆರೆತ ಇದ್ದು, ಕೂದಲಿನ ಬುಡದಲ್ಲಿ ಕರಿ ಪುಡಿ ಕಂಡರೆ ಚಿಗಟ ಇರಬಹುದು. ಆ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟ ಹೀರಿ ಬಿಟ್ಟ ರಕ್ತ. ದುಂಡಗೆ ಬೋಳಾಗಿ, ಅಂಚಿನಲ್ಲಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಅದು ಬೂಸ್ಟಿನ ಜಾತಿಯ ಸೋಂಕು, ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಬೇಗ ಅಂಟುತ್ತದೆ. ನುಸಿಯ ಔಷಧಿಗೆ ಅದು ಜಗ್ಗುವುದಿಲ್ಲ.

ಆಸ್ಪತ್ರೆಗೆ ಹೋಗುವ ಮುಂಚೆ

ಎರಡು ದಿನ ಮೊದಲೇ ಸ್ನಾನ ಮಾಡಿಸುವುದನ್ನು, ಎಣ್ಣೆ ಹಚ್ಚುವುದನ್ನು ನಿಲ್ಲಿಸಿ. ನಾವು ದೊಡ್ಡಾಸ್ಪತ್ರೆಗೆ ಹೋಗುವಾಗ ತೊಳೆದ ಬಟ್ಟೆ ಹಾಕಿಕೊಂಡು ಹೋಗುತ್ತೇವಲ್ಲ, ಹಾಗೆ ನಾಯಿಯನ್ನೂ ತಿಕ್ಕಿ ತೊಳೆದು ತರುವವರೇ ಹೆಚ್ಚು. ತೊಳೆದ ಮೈಯಲ್ಲಿ ನುಸಿ ಸಿಗುವುದು ಇನ್ನೂ ಕಷ್ಟ.

ಇದುವರೆಗೆ ಏನೇನು ಹಚ್ಚಿದಿರಿ, ಕುಡಿಸಿದಿರಿ, ಬರೆದುಕೊಳ್ಳಿ. ನಾಚಿಕೆ ಬೇಡ, ಟ್ಯೂಬನ್ನೇ ಜೇಬಲ್ಲಿ ಹಾಕಿಕೊಂಡು ಹೋಗಿ. ತೂಕ ನೋಡಿ: ನೀವು ಒಬ್ಬರೇ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಕಳೆದರೆ ಆಯಿತು. ಈ ಕಾಯಿಲೆಯ ಔಷಧಿಗಳೆಲ್ಲಾ ಕೆಜಿ ಲೆಕ್ಕದಲ್ಲೇ. ಆಟೋದಲ್ಲಿ ಹೋಗುವುದಾದರೆ ಸೀಟಿನ ಮೇಲೆ ಹಳೇ ಬೆಡ್‌ಶೀಟ್ ಹಾಕಿ, ವಾಪಸ್ ಬಂದ ಮೇಲೆ ಅದನ್ನು ಬಿಸಿನೀರಿನಲ್ಲಿ ನೆನೆಹಾಕಿ. ನೋವಿದ್ದಾಗ ಎಂಥ ಸಾಧು ನಾಯಿಯೂ ಕಚ್ಚುತ್ತದೆ, ಬಾಯಿಗೆ ಕಟ್ಟಲು ಬ್ಯಾಂಡೇಜ್ ಬಟ್ಟೆ ಇರಲಿ.

ಜನ 'ದನದ ಆಸ್ಪತ್ರೆ' ಅಂತ ಕರೆದರೂ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾಯಿ, ಬೆಕ್ಕನ್ನೂ ನೋಡುತ್ತಾರೆ. ದನದ ಡಾಕ್ಟರಿಗೆ ನಾಯಿ ಏನು ಗೊತ್ತು ಅನ್ನುವವರಿದ್ದಾರೆ. ಓದುವಾಗ ಎಲ್ಲವನ್ನೂ ಓದಿರುತ್ತಾರೆ ಮಾರಾಯ್ರೆ.

ಚರ್ಮ ಕೆರೆದು ನೋಡುವ ಪರೀಕ್ಷೆ

ಇದನ್ನು ಬಾಯಿಬಿಟ್ಟು ಕೇಳಿ. ರಶ್ ಇದ್ದಾಗ ನೋಡಿದ ಕೂಡಲೇ ಇಂಜೆಕ್ಷನ್ ಹಾಕಿ ಕಳಿಸುವುದೂ ಉಂಟು. "ಸರ್, ಸ್ಕಿನ್ ಸ್ಕ್ರೇಪಿಂಗ್ ಮಾಡ್ತೀರಾ?" ಅಂದರೆ ಸಾಕು.

ಗುಂಡನಿಗೆ ಮಾಡಿದ್ದು ಹೀಗೆ. ಡಾಕ್ಟರು ಬ್ಲೇಡಿನ ಅಂಚಿಗೆ ಒಂದು ಹನಿ ಎಣ್ಣೆ ಸವರಿದರು. ಮುಂಗಾಲಿನ ಬೋಳು ಜಾಗವನ್ನು ಎರಡು ಬೆರಳಲ್ಲಿ ಹಿಂಡಿದರು. ಕೂದಲಿನ ಗುಂಡಿಯಲ್ಲಿ ಅಡಗಿದ್ದು ಮೇಲೆ ಬರಲಿ ಅಂತ. ಕೂದಲು ಹೋಗುವ ದಿಕ್ಕಿಗೇ ಮೆಲ್ಲಗೆ ಕೆರೆದರು, ರಕ್ತ ಸೂಜಿಮೊನೆಯಷ್ಟು ಜಿನುಗುವವರೆಗೆ. ಗುಂಡ ಕುಯ್ಯೋ ಅಂದ, ಬಿಸ್ಕೆಟ್ ಕಂಡು ಸುಮ್ಮನಾದ. ಬಂದದ್ದನ್ನು ಗಾಜಿನ ಸ್ಲೈಡಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಇಟ್ಟು ನನ್ನನ್ನೂ ಕರೆದರು. ಸಣ್ಣ ಬೀಡಿಗಳ ರಾಶಿ ಕಂಡಿತು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಮೋಟು ಕಾಲುಗಳು. ಆ ಕಾಲುಗಳು ಆಡುತ್ತಿದ್ದವು. ಕಾಲು ಮಿಲಿಮೀಟರ್ ಕೂಡ ಇಲ್ಲದ ಪ್ರಾಣಿ. ನನ್ನ ಮೈ ಜುಮ್ ಅಂತು.

ಬೀಡಿ ಕಂಡರೆ ಡೆಮೊಡೆಕ್ಸ್. ದುಂಡಗೆ, ಆಮೆಯ ಹಾಗೆ ಕಂಡರೆ ಸಾರ್ಕಾಪ್ಟಿಸ್. ಆದರೆ ಒಂದು ಎಚ್ಚರ: ಸಾರ್ಕಾಪ್ಟಿಸ್ ಮೈಯಲ್ಲಿದ್ದರೂ ಸ್ಲೈಡಿನಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ನಾಲ್ಕೈದು ಕಡೆ ಕೆರೆದರೂ ಸಿಗದೇ ಹೋಗಬಹುದು. ಹಾಗಾಗಿ ಲಕ್ಷಣ ಗಟ್ಟಿಯಾಗಿದ್ದರೆ, ಸ್ಲೈಡ್ ಖಾಲಿ ಬಂದರೂ, ಸಾರ್ಕಾಪ್ಟಿಸ್ ಅಂತಲೇ ಇಟ್ಟುಕೊಂಡು ಔಷಧಿ ಕೊಟ್ಟು ನೋಡುತ್ತಾರೆ. ಅದು ಅಡ್ಡಾದಿಡ್ಡಿ ಚಿಕಿತ್ಸೆ ಅಲ್ಲ, ಸರಿಯಾದ ಕ್ರಮವೇ.

ಔಷಧಿ

ಈಗ ಹೆಚ್ಚು ಬಳಕೆಯಲ್ಲಿರುವುದು ಬಾಯಿಗೆ ಕೊಡುವ ಮಾತ್ರೆ. ಫ್ಲುರಾಲನರ್, ಅಫಾಕ್ಸೊಲನರ್, ಸಾರೊಲನರ್ ಇವು ಒಂದೇ ಗುಂಪಿನವು. ಬ್ರಾವೆಕ್ಟೊ, ನೆಕ್ಸ್‌ಗಾರ್ಡ್, ಸಿಂಪಾರಿಕಾ ಅಂತ ಮಾರುತ್ತಾರೆ. ಉಣ್ಣೆ, ಚಿಗಟಕ್ಕೆ ಬಂದ ಮಾತ್ರೆಗಳು, ಎರಡೂ ಜಾತಿಯ ನುಸಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ಫ್ಲುರಾಲನರ್ ಮಾತ್ರೆ ಉಣ್ಣೆಯ ಲೆಕ್ಕದಲ್ಲಿ ಸುಮಾರು 12 ವಾರ ಬರುತ್ತದೆ, ಉಳಿದೆರಡು ತಿಂಗಳಿಗೊಂದು. ತೂಕದ ಪ್ರಕಾರ ಬೇರೆ ಬೇರೆ ಪ್ಯಾಕ್ ಇರುತ್ತದೆ, ದೊಡ್ಡ ನಾಯಿಯ ಮಾತ್ರೆ ತಂದು ಮುರಿದು ಎರಡು ಮರಿಗೆ ಹಂಚಬೇಡಿ. ಊಟದ ಜೊತೆ ಕೊಡಿ. ಎಂಟು ವಾರಕ್ಕಿಂತ ಚಿಕ್ಕ ಮರಿಗೆ ಕೊಡುವುದಿಲ್ಲ. ನಾಯಿಗೆ ಯಾವತ್ತಾದ್ರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಈ ಗುಂಪಿನ ಮಾತ್ರೆಯಿಂದ ಅದು ಮತ್ತೆ ಬರುವ ಸಾಧ್ಯತೆ ಇದೆ. ಬೆಲೆ ನೋಡಿ ಗಾಬರಿಯಾಗುತ್ತದೆ ನಿಜ. ಆದರೆ ವಾರ ವಾರ ಆಟೋ ಮಾಡಿಕೊಂಡು ಇಂಜೆಕ್ಷನ್‌ಗೆ ಓಡಾಡುವ ಖರ್ಚು ಕೂಡಿಸಿ ನೋಡಿ. ನನ್ನ ಲೆಕ್ಕದಲ್ಲಿ ಮಾತ್ರೆಯೇ ಮೇಲು.

ಹಳೆಯ, ಅಗ್ಗದ ದಾರಿ ಐವರ್‌ಮೆಕ್ಟಿನ್. ಡಾಕ್ಟರ ಕೈಯಲ್ಲಿ ಇದು ಒಳ್ಳೇ ಔಷಧಿ. ನಮ್ಮ ಕೈಯಲ್ಲಿ ಅಪಾಯ. ಚಳ್ಳಕೆರೆ, ಹಿರಿಯೂರು ಕಡೆ ಕುರಿ ಸಾಕುವ ಮನೆಗಳಲ್ಲಿ ಇದರ ಬಾಟಲಿ ಇರುವುದುಂಟು. "ಕುರಿಗೆ ಹಾಕ್ತೀವಲ್ಲ, ನಾಯಿಗೂ ಒಂಚೂರು ಹಾಕಿದ್ರಾತು" ಅನ್ನುವವರನ್ನು ನಾನೇ ನೋಡಿದ್ದೇನೆ. 1 ಪರ್ಸೆಂಟ್ ಬಾಟಲಿಯ ಒಂದು ಎಂ.ಎಲ್.ನಲ್ಲಿ 10 ಮಿಲಿಗ್ರಾಂ ಇರುತ್ತದೆ. ಕುರಿಗೆ 50 ಕೆಜಿಗೆ ಒಂದು ಎಂ.ಎಲ್. ಲೆಕ್ಕ. ಅದೇ ಲೆಕ್ಕ ಹಿಡಿದರೂ ಐದು ಕೆಜಿ ಮರಿಗೆ ಬರುವುದು ಎಂ.ಎಲ್.ನ ಹತ್ತನೇ ಒಂದು ಭಾಗ. ಕುರಿಯ ದೊಡ್ಡ ಸಿರಿಂಜಿನಲ್ಲಿ 'ಒಂಚೂರು' ಅಂತ ಅರ್ಧ ಎಂ.ಎಲ್. ಎಳೆದರೆ ಐದು ಪಟ್ಟು ಹೋಯಿತು. ನಾಯಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕಣ್ಣು ಕಾಣದಂತಾಗುತ್ತದೆ, ಫಿಟ್ಸ್ ಬಂದು ಸಾಯಲೂಬಹುದು. ಕೋಲಿ ಜಾತಿಯ ನಾಯಿ, ಅದರ ಮಿಶ್ರತಳಿಗಳಲ್ಲಿ ಹಲವಕ್ಕೆ ಈ ಔಷಧಿಯನ್ನು ಮೆದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆಯೇ ಸರಿ ಇರುವುದಿಲ್ಲ. ಸರಿಯಾದ ಡೋಸೂ ಅವಕ್ಕೆ ವಿಷವಾಗಬಹುದು.

ಕೀವು ಇದ್ದರೆ ನುಸಿಯ ಔಷಧಿಯ ಜೊತೆ ಆಂಟಿಬಯಾಟಿಕ್ ಕೊಡುತ್ತಾರೆ, ಅದು ವಾರಗಟ್ಟಲೆ ನಡೆಯುತ್ತದೆ. ಜಂತುಹುಳುವಿನ ಮಾತ್ರೆಯನ್ನೂ ಕೇಳಿ ಹಾಕಿಸಿ. ತುರಿಕೆ ತಡೆಯೋಕೆ ಅಂತ ಯಾರಾದ್ರೂ ಸ್ಟೀರಾಯ್ಡ್ ಕೊಟ್ಟರೆ "ಡೆಮೊಡೆಕ್ಸ್ ಅಲ್ಲ ತಾನೇ?" ಅಂತ ಒಂದು ಮಾತು ಕೇಳಿ.

ಅಮಿಟ್ರಾಜ್ ಸ್ನಾನ

ಕೆಲವರಿಗೆ ಮಾತ್ರೆಯ ಬದಲು ಮೈಗೆ ಸವರುವ ಅಮಿಟ್ರಾಜ್ ಬರೆದುಕೊಡುತ್ತಾರೆ. ಇದರಲ್ಲಿ ತಪ್ಪು ಮಾಡುವವರೇ ಜಾಸ್ತಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಉದ್ದ ಕೂದಲಿನ ನಾಯಿಯಾದರೆ ಮೊದಲು ಕೂದಲು ಕತ್ತರಿಸಿ. ಪಾಮೇರಿಯನ್ ಬೋಳಾಗಿ ಕಂಡರೆ ಮಕ್ಕಳು ಅಳುತ್ತಾರೆ, ಅಳಲಿ. ಡಾಕ್ಟರು ಹೇಳಿದ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಡಿ. ಡೆಮೊಡೆಕ್ಸ್‌ಗೆ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಶಾಂಪೂ ಕೊಡುತ್ತಾರೆ, ಅದು ಕೂದಲಿನ ಗುಂಡಿಯನ್ನು ತೊಳೆದು ತೆರೆಯುತ್ತದೆ. ಹತ್ತು ನಿಮಿಷ ಅಂದರೆ ಹತ್ತು ನಿಮಿಷವೇ, ಗಡಿಯಾರ ನೋಡಿ. ತೊಳೆದು ಟವೆಲ್‌ನಲ್ಲಿ ಒರೆಸಿ. ಹಕ್ಕಳೆ ಬೆರಳಿಗೆ ಮೆತ್ತಗೆ ಬಂದರೆ ಬರಲಿ, ಕಿತ್ತು ತೆಗೆಯಬೇಡಿ.

ಆಮೇಲೆ ಬಯಲಿನಲ್ಲಿ, ಗಾಳಿ ಆಡುವ ಕಡೆ, ಗ್ಲೌಸ್ ಹಾಕಿಕೊಂಡು ಔಷಧಿಯನ್ನು ಚೀಟಿಯಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ. ಗಟ್ಟಿಯಾಗಿ ಬೆರೆಸಿದರೆ ಬೇಗ ವಾಸಿ ಅನ್ನುವುದು ಸುಳ್ಳು. ಮನೆಯಲ್ಲಿ ಆಸ್ತಮಾ ಇರುವವರು ಹತ್ತಿರ ಬರಬಾರದು. ಕಣ್ಣಿಗೆ ಬೀಳದಂತೆ ಸ್ಪಂಜಿನಲ್ಲಿ ಮೈಪೂರ್ತಿ ಸವರಿ, ಬೋಳಾದ ಕಡೆ ಮಾತ್ರ ಅಲ್ಲ. ಬೆರಳ ಸಂದು ಬಿಡಬೇಡಿ. ತೊಳೆಯಬೇಡಿ, ಒರೆಸಬೇಡಿ, ಹಾಗೇ ಒಣಗಲಿ. ಒಣಗುವವರೆಗೆ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ ನೆರಳಲ್ಲಿ ಕಟ್ಟಿ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಕಟ್ಟಿದರೆ ಕಜ್ಜಿಗಿಂತ ಮೊದಲು ನಾಯಿ ಹೋಗುತ್ತದೆ. ಆ ದಿನ ಸ್ವಲ್ಪ ಮಂಕಾಗಿ ಮಲಗುವುದುಂಟು. ಏಳಿಸಿದರೂ ಏಳದಿದ್ದರೆ, ವಾಂತಿ ಮಾಡಿದರೆ, ತಕ್ಷಣ ಫೋನ್ ಮಾಡಿ. ಉಳಿದ ನೀರನ್ನು ಮುಂದಿನ ವಾರಕ್ಕೆ ಇಡಬೇಡಿ, ಪ್ರತಿ ಸಲ ಹೊಸದಾಗಿ ಬೆರೆಸಬೇಕು. ಸಕ್ಕರೆ ಕಾಯಿಲೆ ಇರುವ ನಾಯಿಗೆ ಇದು ಬೇಡ. ಬೆಕ್ಕಿಗಂತೂ ಬೇಡವೇ ಬೇಡ.

ಹಚ್ಚಬಾರದ್ದು

ಸುಟ್ಟ ಇಂಜಿನ್ ಆಯಿಲ್. ಗ್ಯಾರೇಜಿನಿಂದ ಪುಕ್ಕಟೆ ಸಿಗುತ್ತದೆ ಅನ್ನೋದೇ ಅದರ ದೊಡ್ಡ ಗುಣ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮ ಸುಡುತ್ತದೆ, ಲಿವರ್, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಔಷಧಿ ಎಲ್ಲಾ ಅದೇ ಸಾಲಿನವು. ಹೊಂಗೆ ಎಣ್ಣೆ, ಬೇವಿನ ಎಣ್ಣೆ ಬಗ್ಗೆ ಕೇಳುತ್ತಾರೆ. ಒಣ ಚರ್ಮ ಸ್ವಲ್ಪ ಮೆತ್ತಗಾಗಬಹುದು. ಆದರೆ ಕೂದಲಿನ ಬುಡದಲ್ಲಿ, ಸುರಂಗದೊಳಗೆ ಕೂತ ನುಸಿಯನ್ನು ಅದೊಂದೇ ಮುಗಿಸುತ್ತದೆ ಅಂತ ನಂಬಿ ತಿಂಗಳು ಕಳೆಯಬೇಡಿ.

ಮನೆ, ಹಾಸಿಗೆ, ಮನುಷ್ಯರು

ಡೆಮೊಡೆಕ್ಸ್ ಆದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಿ, ಅದು ಅಂಟುವುದಿಲ್ಲ.

ಸಾರ್ಕಾಪ್ಟಿಸ್ ಆದರೆ ಮನೆಯ ಎಲ್ಲಾ ನಾಯಿಗಳಿಗೂ ಒಟ್ಟಿಗೇ ಔಷಧಿ ಆಗಬೇಕು, ಕೆರೆಯದೇ ಇರುವುದಕ್ಕೂ. ಅಂಟಿದ ಮೇಲೆ ಲಕ್ಷಣ ಕಾಣಲು ವಾರಗಳೇ ಹಿಡಿಯಬಹುದು. ನಾಯಿ ಮಲಗುವ ಗೋಣಿಚೀಲ ಸುಟ್ಟುಬಿಡಿ. ಕೌದಿಯಾದರೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಕಲ್ಲಿನ ಮೇಲೆ ಒಣಹಾಕಿ. ದುರ್ಗದ ಬಿಸಿಲು ಇಂಥದ್ದಕ್ಕಾದರೂ ಉಪಯೋಗವಾಗಲಿ. ಮೈಯಿಂದ ಹೊರಗೆ ಬಿದ್ದ ನುಸಿ ಒಣ ಬಿಸಿಯಲ್ಲಿ ಕೆಲವೇ ದಿನ ಬದುಕುತ್ತದೆ, ತಂಪು ತೇವದಲ್ಲಿ ಎರಡು ಮೂರು ವಾರ ತಡೆಯಬಹುದು. ಬಚ್ಚಲ ಪಕ್ಕ ನಾಯಿ ಕಟ್ಟುವವರು ಜಾಗ ಬದಲಿಸಿ. ಬೆಲ್ಟು, ಬಾಚಣಿಗೆ ಮರೆಯಬೇಡಿ.

ನಿಮ್ಮ ಮುಂಗೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದರೆ ಹೆದರಬೇಡಿ. ನಾಯಿಯ ನುಸಿಗೆ ನಮ್ಮ ಚರ್ಮದಲ್ಲಿ ಸಂಸಾರ ಹೂಡೋಕೆ ಆಗುವುದಿಲ್ಲ. ನಾಯಿಗೆ ಔಷಧಿಯಾದ ಮೇಲೆ ಎರಡು ಮೂರು ವಾರದಲ್ಲಿ ತಾನಾಗೇ ಹೋಗುತ್ತದೆ. ಹೋಗದಿದ್ದರೆ, ರಾತ್ರಿ ಬೆರಳ ಸಂದು ಕೆರೆದರೆ, ಮನೆಮಂದಿಗೆಲ್ಲಾ ಹಬ್ಬಿದರೆ, ಅದು ಮನುಷ್ಯರದ್ದೇ ಕಜ್ಜಿ ಇರಬಹುದು. ಚರ್ಮದ ಡಾಕ್ಟರನ್ನು ನೋಡಿ, ನಾಯಿಯ ಮೇಲೆ ಹಾಕಬೇಡಿ.

ಬೆಕ್ಕಿನ ವಿಷಯ

ಬೆಕ್ಕಿಗೆ ಬರುವ ಕಜ್ಜಿಯ ನುಸಿ ಬೇರೆ, ನೊಟೊಯಿಡ್ರಿಸ್. ಕಿವಿಯಂಚಿನಲ್ಲಿ ಶುರುವಾಗಿ ಹಣೆ, ಮುಖ, ಕತ್ತಿನವರೆಗೆ ದಪ್ಪ ಹಕ್ಕಳೆ ಕಟ್ಟುತ್ತದೆ. ಇನ್ನೊಂದು ನುಸಿ ಕಿವಿಯ ಒಳಗೇ ಇರುತ್ತದೆ. ಕಿವಿಯಲ್ಲಿ ಕಾಫಿ ಸೋಸಿ ಉಳಿದ ಚರಟದಂಥ ಕರಿ ಕೊಳೆ ಕಂಡರೆ ಅದೇ ಅಂತ ಅನುಮಾನಪಡಿ. ಎರಡಕ್ಕೂ ಕತ್ತಿನ ಹಿಂದೆ ಬಿಡುವ ಹನಿ ಔಷಧಿ ಬರುತ್ತದೆ, ಸೆಲಮೆಕ್ಟಿನ್ ಅದರಲ್ಲಿ ಒಂದು. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲಾ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನಾಯಿಗೆ ಅಂತ ಬರುವ ಪರ್ಮೆತ್ರಿನ್ ಬೆಕ್ಕಿಗೆ ಮಾರಕ. ಒಂದೇ ಮನೆಯಲ್ಲಿ ಎರಡೂ ಇದ್ದರೆ ನಾಯಿಗೆ ಅದನ್ನು ಹಚ್ಚಿದ ದಿನ ಬೆಕ್ಕನ್ನು ಬೇರೆ ಕೋಣೆಯಲ್ಲಿ ಇಡಿ.

ಬೀದಿನಾಯಿಗೆ

ಬೀದಿಯ ನಾಯಿಗೆ ಊಟದಲ್ಲಿ ಸೇರಿಸಿ ಕೊಡುವ ಮಾತ್ರೆಯೇ ಸುಲಭ. ತೂಕ ಅಂದಾಜಿಸಲು ದೂರದಿಂದ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಕೋಳಿ ತುಂಡಿನೊಳಗೆ ಇಟ್ಟು, ಅದೇ ನಾಯಿ ತಿಂದದ್ದನ್ನು ಕಣ್ಣಾರೆ ನೋಡಿ. ಮಂಡಕ್ಕಿಯಲ್ಲಿ ಬೇಡ, ಅದರಲ್ಲಿನ ಈರುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ಕಜ್ಜಿಯ ಗಲಾಟೆಯಲ್ಲಿ ಇದನ್ನು ಮರೆಯುವಂತಿಲ್ಲ.

ನಿಲ್ಲಿಸುವುದು ಯಾವಾಗ

ಸಾರ್ಕಾಪ್ಟಿಸ್‌ನಲ್ಲಿ ತುರಿಕೆ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಇಳಿದ ಕೂಡಲೇ ಬಿಟ್ಟರೆ ಉಳಿದ ಮೊಟ್ಟೆಗಳಿಂದ ಕಥೆ ಮತ್ತೆ ಶುರು. ಡಾಕ್ಟರು ಹೇಳಿದ ಕೊನೆಯ ಡೋಸ್ ವರೆಗೂ ಹೋಗಿ.

ಡೆಮೊಡೆಕ್ಸ್‌ನಲ್ಲಿ ಕೂದಲು ಬಂದದ್ದು ಲೆಕ್ಕಕ್ಕಿಲ್ಲ. ತಿಂಗಳಿಗೊಮ್ಮೆ ಕೆರೆದು ನೋಡಬೇಕು. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಸ್ಲೈಡ್ ಖಾಲಿ ಬಂದ ಮೇಲೆ ನಿಲ್ಲಿಸುವುದು. ಗುಂಡನಿಗೆ ಎರಡನೇ ತಿಂಗಳಿಗೇ ಕೂದಲು ತುಂಬಿ ಬಂತು. ನಾನು "ಸಾಕಲ್ವಾ ಸರ್" ಅಂದೆ. ಸ್ಲೈಡಿನಲ್ಲಿ ಇನ್ನೂ ಮೂರು ಬೀಡಿ ಇದ್ದವು, ಎರಡು ಸತ್ತದ್ದು, ಒಂದು ಕಾಲಾಡಿಸುತ್ತಿದ್ದದ್ದು. ಒಟ್ಟು ಐದು ತಿಂಗಳು ಹಿಡಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಗುರುತಿನ ಪಕ್ಕ ಮಾತ್ರೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ 'ಗು' ಅಂತ ಬರೆದಿಡುತ್ತಿದ್ದೆ.

ಮೈಪೂರ್ತಿ ಡೆಮೊಡೆಕ್ಸ್ ಬಂದ ನಾಯಿಯಿಂದ ಮರಿ ಮಾಡಿಸಬೇಡಿ. ಹೆಣ್ಣಾದರೆ ಬೆದೆಗೆ ಬಂದಾಗ ಕಾಯಿಲೆ ಮರುಕಳಿಸುವುದುಂಟು. ಗುಣವಾಗಿ ಮೈ ತುಂಬಿಕೊಂಡ ಮೇಲೆ ಸಂತಾನಹರಣ ಆಪರೇಷನ್ ಮಾಡಿಸಿ, ಹೋಗುವಾಗ ಹಳೇ ಸ್ಲೈಡಿನ ರಿಪೋರ್ಟ್‌ಗಳನ್ನೂ ಜೊತೆಗೆ ಒಯ್ಯಿರಿ.